ಕುರ್ಚಿಯ ಎಡಮಗ್ಗುಲಿನ ವಿದ್ಯೆ

ಶರಣಬಸವೇಶ್ವರರ ಗುಡಿಯ ಆಸುಪಾಸಿನಲ್ಲಿ ಹಬ್ಬಿರುವ ಬ್ರಹ್ಮಪುರದಲ್ಲಿಯಾಗಲಿ, ಕಲಬುರಗಿಯ ಮತ್ತಾವ ಬಡಾವಣೆಯಲ್ಲಿಯಾಗಲಿ ಹಲ್ಲಿನ ದವಾಖಾನೆಯೊಂದರ ಫಲಕ ಕಣ್ಣಿಗೆ ಬೀಳುವುದು ಇಂದು ಸಾಮಾನ್ಯ ಸಂಗತಿ. ಆದರೆ ಆ ದವಾಖಾನೆಯೊಳಗೆ, ವೈದ್ಯರಿಗೆ ಎದುರಾಗಿ, ರೋಗಿಯ ಎಡಮಗ್ಗುಲಲ್ಲಿ ನಿಂತು, ಕೇಳುವುದಕ್ಕೆ ಮುನ್ನವೇ ಬೇಕಾದ ಉಪಕರಣವನ್ನು ವೈದ್ಯರ ಕೈಗೀಯುವ, ಜನರು ಸಿಸ್ಟರ್ ಎಂದೋ ಕಂಪೌಂಡರ್ ಎಂದೋ ಕರೆಯುವ ವ್ಯಕ್ತಿಯ ವಿದ್ಯೆಗೂ ಒಂದು ಇತಿಹಾಸವುಂಟೆಂಬುದನ್ನು ನಾವು ಆಲೋಚಿಸಿದವರಲ್ಲ.

ನಮ್ಮ ಪ್ರಾಚೀನರು ಈ ವ್ಯಕ್ತಿಯನ್ನು ಮರೆತಿರಲಿಲ್ಲ. ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುವ ಚರಕಸಂಹಿತೆಯು ವೈದ್ಯ, ಔಷಧ, ರೋಗಿಗಳ ಸಾಲಿನಲ್ಲಿಯೇ ಪರಿಚಾರಕನನ್ನೂ ನಿಲ್ಲಿಸಿ, ಉಪಚಾರಕ್ರಮದ ಅರಿವು, ದಕ್ಷತೆ, ಅನುರಾಗ, ಶುಚಿತ್ವಗಳೆಂಬ ನಾಲ್ಕು ಗುಣಗಳನ್ನು ಅವನಿಗೆ ವಿಧಿಸಿದೆ. ಸುಶ್ರುತನು ಎಣಿಸಿದ ಶಸ್ತ್ರಗಳಲ್ಲಿ ಹಲ್ಲಿನ ಕಿಟ್ಟವನ್ನು ಕೆರೆದು ತೆಗೆಯುವ ದಂತಶಂಕುವೂ ಒಂದು. ಕಾಲಾಂತರದಲ್ಲಿ ಹಲ್ಲು ಕೀಳುವ ಕೆಲಸವು ಶಾಸ್ತ್ರಜ್ಞರ ಕೈತಪ್ಪಿ ಸಂತೆ ಜಾತ್ರೆಗಳ ಕೈಚಳಕದವರ ಪಾಲಾದಾಗ, ಸಹಾಯಕನೆಂದರೆ ನೋವಿನಿಂದ ಹೊರಳುವವನ ತಲೆಯನ್ನು ಬಿಗಿಹಿಡಿಯಬಲ್ಲ ತೋಳ್ಬಲದವನೆಂಬಷ್ಟಕ್ಕೆ ಆ ಪಾದವು ಕುಗ್ಗಿತು.

ಆಧುನಿಕ ಕಾಲದಲ್ಲಿ ಈ ವೃತ್ತಿಯು ಮರುಹುಟ್ಟು ಪಡೆದುದು ದೂರದ ಅಮೆರಿಕದಲ್ಲಿ. ನ್ಯೂ ಆರ್ಲಿಯನ್ಸ್ ನಗರದ ದಂತವೈದ್ಯ ಎಡ್ಮಂಡ್ ಕೆಲ್ಸ್ 1885ರಲ್ಲಿ ಮಾಲ್ವೀನಾ ಕ್ಯೂರಿಯಾ ಎಂಬ ತರುಣಿಯನ್ನು ತನ್ನ ಸಹಾಯಕ್ಕೆ ನೇಮಿಸಿಕೊಂಡನು. ಮನೆಯವರ ಜೊತೆಯಿಲ್ಲದೆ ಪರಪುರುಷನಾದ ವೈದ್ಯನ ಮುಂದೆ ಬಾಯ್ದೆರೆದು ಕುಳಿತುಕೊಳ್ಳಲು ಸಂಕೋಚಪಡುತ್ತಿದ್ದ ಹೆಂಗಸರು, ಒಳಗೆ ಸ್ತ್ರೀಯೊಬ್ಬಳು ಇರುವಳೆಂದು ತಿಳಿದ ಬಳಿಕ ಒಬ್ಬರೇ ಬರತೊಡಗಿದರು. ಗೋಷೆಯ ಸಂಪ್ರದಾಯವನ್ನು ಬಲ್ಲ ನಮ್ಮ ಊರಿನವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯ ಸಹಾಯಕಿಯರು ಜೂಲಿಯೆಟ್ ಸದರ್ಡ್‌ಳ ಮುಂದಾಳುತನದಲ್ಲಿ ತಮ್ಮದೇ ಸಂಘವನ್ನು ಕಟ್ಟಿ, ಶಿಕ್ಷಣಕ್ಕೊಂದು ಕ್ರಮವನ್ನು ಹುಡುಕಲಾರಂಭಿಸಿದುದು 1920ರ ದಶಕದಲ್ಲಿ.

ಅದೇ ಕಾಲಕ್ಕೆ, ಎಂದರೆ 1920ರಲ್ಲಿ, ಡಾ. ರಫಿಯುದ್ದೀನ್ ಅಹಮದ್ ಅವರು ಕಲಕತ್ತೆಯಲ್ಲಿ ಭಾರತದ ಮೊದಲ ದಂತವೈದ್ಯ ಕಾಲೇಜನ್ನು ಸ್ಥಾಪಿಸಿದರು. 1948ರ ಮಾರ್ಚ್‌ನಲ್ಲಿ ದಂತವೈದ್ಯರ ಶಾಸನವು ಹೊರಟಾಗ ಕಲಬುರಗಿಯು ಇನ್ನೂ ನಿಜಾಮರ ಸಂಸ್ಥಾನದಲ್ಲಿದ್ದಿತು. ಆ ಸಂಸ್ಥಾನವು ಭಾರತದಲ್ಲಿ ಸೇರಿದುದು ಸೆಪ್ಟೆಂಬರ್‌ನಲ್ಲಿ. ಆ ಶಾಸನವು ವೈದ್ಯರಲ್ಲದೆ ಮತ್ತಿಬ್ಬರನ್ನು ಗುರುತಿಸಿತು: ಹಲ್ಲನ್ನು ಶುಚಿಗೊಳಿಸುವ ಹೈಜೀನಿಸ್ಟ್, ಕೃತಕ ದಂತಗಳನ್ನು ತಯಾರಿಸುವ ಮೆಕ್ಯಾನಿಕ್. ಕುರ್ಚಿಯ ಪಕ್ಕದಲ್ಲಿ ನಿಲ್ಲುವವರಿಗೆ ಅದರಲ್ಲಿ ಪ್ರತ್ಯೇಕವಾದ ನೋಂದಣಿಯಿರಲಿಲ್ಲ. ಚರಕನು ಪಾದವೆಂದು ಎಣಿಸಿದವನನ್ನು ಆಧುನಿಕ ಶಾಸನಕಾರರು ಎಣಿಸದೆಹೋದುದು ನನಗೆ ಬಹು ದೊಡ್ಡ ಲೋಪವಾಗಿ ತೋರುತ್ತದೆ. ಏಕೆಂದರೆ ಅದರ ಫಲವಾಗಿ ಈ ವಿದ್ಯೆಯು ಬಹುಮಟ್ಟಿಗೆ ಪಾಠಶಾಲೆಯಿಲ್ಲದೆ, ಪಠ್ಯವಿಲ್ಲದೆ, ನೋಡಿ ಕಲಿಯುವ ವಿದ್ಯೆಯಾಗಿಯೇ ಉಳಿಯಿತು.

ನೋಡಿ ಕಲಿಯಬೇಕಾದುದೇನೂ ಅಲ್ಪವಲ್ಲ. ಹಿಂದಿನವರು ಬೆಳ್ಳಿಯ ಮಿಶ್ರಲೋಹದ ಪುಡಿಯನ್ನು ಪಾದರಸದೊಡನೆ ಸಣ್ಣ ಖಲ್ವದಲ್ಲಿ ಅರೆದು, ಮಿಕ್ಕ ಪಾದರಸವನ್ನು ಬಟ್ಟೆಯಲ್ಲಿ ಹಿಂಡಿ ತೆಗೆದು, ಹದವಾದ ಮುದ್ದೆಯನ್ನು ವೈದ್ಯರಿಗೆ ಒದಗಿಸುತ್ತಿದ್ದರು. ಪಾದರಸದ ಆವಿಯು ವಿಷವೆಂಬ ಎಚ್ಚರವು ಅದನ್ನು ಅರೆಯುವ ಕೈಗಳಿಗೆ ತಡವಾಗಿ ಮುಟ್ಟಿತು. 1957ರಲ್ಲಿ ಗಾಳಿಯ ಒತ್ತಡದಿಂದ ನಿಮಿಷಕ್ಕೆ ಲಕ್ಷಾಂತರ ಸುತ್ತು ತಿರುಗುವ ಏರೋಟರ್ ಬಳಕೆಗೆ ಬಂದ ಮೇಲಂತೂ, ಹಲ್ಲು ಕಾಯದಂತೆ ಅದು ಚಿಮ್ಮಿಸುವ ನೀರನ್ನು ಎಡೆಬಿಡದೆ ಹೀರಿ ತೆಗೆಯಲು ಮತ್ತೊಂದು ಜೊತೆ ಕೈಗಳು ಅನಿವಾರ್ಯವಾದುವು. ವೈದ್ಯರು ನಿಲ್ಲುವುದನ್ನು ಬಿಟ್ಟು ಕುಳಿತು ಕೆಲಸಮಾಡುವ, ನಾಲ್ಕು ಕೈಗಳು ಒಂದೇ ಬಾಯಿಯಲ್ಲಿ ದುಡಿಯುವ ಪದ್ಧತಿ ಬೆಳೆದುದು ಹೀಗೆ. ಉಪಕರಣಗಳನ್ನು ಆಟೋಕ್ಲೇವ್‌ನಲ್ಲಿ 121 ಡಿಗ್ರಿಯ ಹಬೆಯಲ್ಲಿಟ್ಟು ನಿಷ್ಕ್ರಿಮಿಗೊಳಿಸುವ ಹೊಣೆಯೂ ಸಾಮಾನ್ಯವಾಗಿ ಸಹಾಯಕರದೇ. ಅಲ್ಲಿ ಅವಸರ ಮಾಡಿದರೆ ಒಬ್ಬನ ರೋಗವು ಮತ್ತೊಬ್ಬನಿಗೆ ದಾಟೀತು.

ನಮ್ಮ ನೆಲವು ಈ ವಿದ್ಯೆಗೆ ತನ್ನದೊಂದು ಪಾಠವನ್ನು ಸೇರಿಸಿದೆ. ಹಲ್ಲಿನ ಅಚ್ಚು ತೆಗೆಯುವ ಆಲ್ಜಿನೇಟ್ ಪುಡಿಯು ನೀರು ಬೆಚ್ಚಗಾದಷ್ಟೂ ಬೇಗನೆ ಗಟ್ಟಿಯಾಗುವ ಪದಾರ್ಥ. ನಲವತ್ತು ಡಿಗ್ರಿಯನ್ನು ಮೀರುವ ಕಲಬುರಗಿಯ ಬೇಸಗೆಯಲ್ಲಿ ನಲ್ಲಿಯ ನೀರಿನಲ್ಲಿ ಅದನ್ನು ಕಲಸಿದರೆ ರೋಗಿಯ ಬಾಯಿಗೆ ಹೋಗುವ ಮೊದಲೇ ಬಟ್ಟಲಿನಲ್ಲಿ ಹೆಪ್ಪುಗಟ್ಟಬಹುದು. ಆದುದರಿಂದ ಇಲ್ಲಿ ಕೆಲಸ ಕಲಿಯುವವರು ತಣ್ಣೀರನ್ನು ಮೊದಲೇ ಸಿದ್ಧವಾಗಿಟ್ಟುಕೊಳ್ಳುವುದನ್ನು ಕಲಿಯಬೇಕು. ಭಾಷೆಯ ಪಾಠವು ಇದಕ್ಕಿಂತ ದೊಡ್ಡದು. ಆಳಂದದ ಗಡಿಯಿಂದ ಮರಾಠಿ, ಸೇಡಂ ಚಿಂಚೋಳಿಗಳ ಕಡೆಯಿಂದ ತೆಲುಗು, ಊರೊಳಗೆ ಕನ್ನಡದೊಡನೆ ದಖನಿ ಉರ್ದು ಆಡುವ ರೋಗಿಗಳು ಬರುವಲ್ಲಿ, ಹೊರನಾಡಿನಿಂದ ಬಂದ ತರುಣ ವೈದ್ಯನಿಗೂ ಭಯಗೊಂಡ ಮುದುಕಿಗೂ ನಡುವೆ ದುಭಾಷಿಯಾಗಿ ನಿಂತು, “ಬಾಯಿ ತೆರಿರಿ ಅವ್ವಾ, ಏನೂ ಆಗಂಗಿಲ್ಲ” ಎಂದು ಧೈರ್ಯ ಹೇಳುವ ಕಾರ್ಯವು ಚರಕನ ಅನುರಾಗಕ್ಕೆ ಸೇರತಕ್ಕದ್ದು.

ಬೆಂಗಳೂರಿನಲ್ಲಿ ಸರಕಾರಿ ದಂತವೈದ್ಯ ಕಾಲೇಜು 1958ರಲ್ಲಿ ತೆರೆಯಿತು. ಮಹಾದೇವಪ್ಪ ರಾಂಪುರೆಯವರ ಪ್ರಯತ್ನದಿಂದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯು ಕಲಬುರಗಿಯಲ್ಲಿ ಹುಟ್ಟಿದುದೂ ಅದೇ ವರ್ಷ. ಆದರೆ ಆ ಸಂಸ್ಥೆಯ ಎಸ್. ನಿಜಲಿಂಗಪ್ಪ ದಂತವೈದ್ಯ ಕಾಲೇಜು ಬರುವುದಕ್ಕೆ 1986ರವರೆಗೆ ಕಾಯಬೇಕಾಯಿತು. ಕಾಲೇಜಿನಿಂದ ವೈದ್ಯರು ಹೊರಬಂದರು. ಅವರ ದವಾಖಾನೆಗಳೇ ಸಹಾಯಕರ ಪಾಲಿನ ಕಾಲೇಜುಗಳಾದುವು. ದಂತವೈದ್ಯ ಆಯೋಗದ ರಚನೆಗಾಗಿ ಬಂದ 2023ರ ಶಾಸನವು ಈಗ ಸಹಾಯಕರನ್ನೂ ದಂತವೈದ್ಯದ ಅಂಗೀಕೃತ ಸಿಬ್ಬಂದಿಯ ಸಾಲಿಗೆ ತಂದಿರುವುದು ಸಂತೋಷದ ಸಂಗತಿ. ಹೊಸದಾಗಿ ಓದಿ ಬರುವವರಿಗೆ ಇದರಿಂದ ದಾರಿ ಸುಗಮವಾದೀತು. ಆದರೆ ಹತ್ತಿಪ್ಪತ್ತು ವರ್ಷ ಕುರ್ಚಿಯ ಎಡಮಗ್ಗುಲಲ್ಲಿ ನಿಂತು ಕಲಿತು, ಈಗ ಹೊಸಬರಿಗೆ ಕಲಿಸುತ್ತಿರುವ ಹೆಂಗಸರ ಅನುಭವವನ್ನು ಪರೀಕ್ಷಿಸಿ ಮನ್ನಿಸುವ ಏರ್ಪಾಡೊಂದು ಅದರ ಜೊತೆಗೇ ಆಗತಕ್ಕದ್ದು. ಮತ್ತು ಆ ಪರೀಕ್ಷೆಯು ಅವರು ಕೆಲಸ ಮಾಡುವ ಭಾಷೆಯಾದ ಕನ್ನಡದಲ್ಲಿಯೇ ನಡೆಯತಕ್ಕದ್ದು.