ಸಮಾಧಿಭೂಮಿಗೆ ಕಾವಲು ಯಾರು?

ಮಾಸ್ತಿ, ಮಾಲೂರು, ಮುಳಬಾಗಿಲು ಸೀಮೆಯ ಹೊಲದ ಬದುಗಳಲ್ಲೂ ಕೆರೆಯ ಏರಿಗಳಲ್ಲೂ ವೀರಗಲ್ಲು, ಮಾಸ್ತಿಗಲ್ಲುಗಳು ನಿಂತಿವೆ. ಮೃತರ ಸ್ಮರಣೆಯನ್ನು ಕಲ್ಲಿಗೆ ಒಪ್ಪಿಸುವುದು ಕ್ರೈಸ್ತರು ಈ ನಾಡಿಗೆ ತಂದ ಪದ್ಧತಿಯಲ್ಲ. ಆದರೆ ಊರಿನವರ ಕಲ್ಲಿಗೆ ಊರೇ ಕಾವಲು. ಉದ್ಯೋಗವನ್ನರಸಿ ಬಂದು ಮಣ್ಣಾದವರ ಸಮಾಧಿಗೆ ಕಾವಲು ಯಾರು? ಈ ಪ್ರಶ್ನೆಯನ್ನು ಕರ್ನಾಟಕದ ಎರಡು ಸ್ಥಳಗಳು ಸಭೆಯ ಮುಂದಿಡುತ್ತವೆ.

ಮೊದಲನೆಯದು ಶ್ರೀರಂಗಪಟ್ಟಣ. 1799ರ ಮೇ 4ರಂದು ಟಿಪ್ಪುವಿನ ಕೋಟೆ ಬಿದ್ದ ಮೇಲೆ ಅಲ್ಲಿ ಕಂಪನಿಯ ದಂಡು ಬೀಡುಬಿಟ್ಟಿತು. ಆ ದಂಡಿನಲ್ಲಿ ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ದಳವೂ ಇತ್ತು. 1781ರಲ್ಲಿ ಡಚ್ಚರಿಗಾಗಿ ಕೂಡಿಸಿದ ಈ ದಳವು 1795ರಲ್ಲಿ ಬ್ರಿಟಿಷರ ಸೇವೆಗೆ ಬಂದಿತ್ತು. ಕಾವೇರಿಯ ದಡದ ಗ್ಯಾರಿಸನ್ ಸ್ಮಶಾನದಲ್ಲಿ ಸುಮಾರು 300 ಸಮಾಧಿಗಳಿವೆ. ಅಧಿಕಾರಿಗಳೊಡನೆ ಅವರ ಕುಟುಂಬದವರೂ ಅಲ್ಲಿ ಮಲಗಿದ್ದಾರೆ. ಜ್ವರಬಾಧೆಯ ಆ ದ್ವೀಪವನ್ನು ಬಿಟ್ಟು 1809ರಲ್ಲಿ ದಂಡು ಬೆಂಗಳೂರಿಗೆ ಸಾಗಿತು. ಆರಾಧಿಸುವ ಸಮೂಹ ಕರಗಿದಂತೆ ಸ್ಮಶಾನವು ಕ್ರಮೇಣ ಗಿಡಗಂಟಿಗಳ ಪಾಲಾಯಿತು.

ಎರಡನೆಯದು ಕೋಲಾರದ ಚಿನ್ನದ ಗಣಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕಾಲಿಟ್ಟಿತು. ಕಾರ್ನ್‌ವಾಲ್‌ನ ಗಣಿಗಾರರೂ ತಮಿಳು, ತೆಲುಗು ಸೀಮೆಯ ಸಹಸ್ರಾರು ಕಾರ್ಮಿಕರೂ ಬಂದರು. ದೇವಾಲಯಗಳೂ ಸ್ಮಶಾನಗಳೂ ಎದ್ದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅನೇಕ ಕುಟುಂಬಗಳು ದುಡಿಮೆಗಾಗಿ ಬೆಂಗಳೂರಿನ ರೈಲು ಹಿಡಿದವು. ಸಮಾಧಿಗಳು ಪಾಳುಬೀಳುವುದು ಮರೆವಿನಿಂದ ಮಾತ್ರವಲ್ಲ, ಅನ್ನದ ದಾರಿ ಬೇರೆಡೆಗೆ ತಿರುಗುವುದರಿಂದಲೂ ಹೌದು.

ಪಾಳುಬಿದ್ದವನ್ನು ಎತ್ತಿನಿಲ್ಲಿಸಿದವರು ಬಹುಪಾಲು ಸ್ವಯಂಸೇವಕರು. 1976ರಲ್ಲಿ ಥಿಯಾನ್ ವಿಲ್ಕಿನ್ಸನ್ ಎಂಬವರು ದಕ್ಷಿಣ ಏಷ್ಯಾದ ಸ್ಮಶಾನಗಳಿಗಾಗಿ ಬ್ರಿಟನ್ನಿನಲ್ಲಿ ಒಂದು ಸಂಘವನ್ನು ಸ್ಥಾಪಿಸಿದರು; ಅದು ಶಾಸನಗಳನ್ನು ದಾಖಲಿಸುತ್ತ ಸ್ಥಳೀಯರ ದುರಸ್ತಿ ಕಾರ್ಯಕ್ಕೆ ನೆರವಾಗುತ್ತ ಬಂದಿದೆ. ಶ್ರೀರಂಗಪಟ್ಟಣದ ಸ್ಮಶಾನದ ಜೀರ್ಣೋದ್ಧಾರಕ್ಕೆ ಈ ಶತಮಾನದಲ್ಲಿ ಡಿ ಮ್ಯೂರಾನ್ ವಂಶಸ್ಥರೇ ಮುಂದಾದರು.

ಇಲ್ಲಿ ಎರಡು ಆಕ್ಷೇಪಗಳೇಳುತ್ತವೆ. ನಾಡನ್ನು ಗೆದ್ದವರ ಗೋರಿಗಳನ್ನು ನಾವೇಕೆ ಕಾಯಬೇಕು? ಪ್ರವಾದಿಗಳ ಗೋರಿಗಳನ್ನು ಕಟ್ಟಿ ಅವರ ಮಾತನ್ನು ತಳ್ಳಿದವರನ್ನು ಕರ್ತನು ಗದರಿಸಿದ್ದಾನಲ್ಲವೇ (ಮತ್ತಾಯ 23)? ಎರಡೂ ನ್ಯಾಯವಾದವು. ಗೋರಿಯ ಆರೈಕೆ ಗೆಲುವಿನ ಶ್ಲಾಘನೆಯಾದರೆ, ಇಲ್ಲವೆ ಜೀವಂತ ನೆರೆಯವನ ಅಲಕ್ಷ್ಯಕ್ಕೆ ಮರೆಯಾದರೆ, ಅದು ವ್ಯರ್ಥ. ಆದರೂ ತನ್ನ ಪಿತೃಗಳ ಸಮಾಧಿಗಳಿರುವ ಪಟ್ಟಣ ಹಾಳಾಗಿದೆಯೆಂಬ ದುಃಖದಿಂದಲೇ ನೆಹೆಮೀಯನು ರಾಜನ ಮುಂದೆ ನಿಂತು, ಜೀವಂತರ ಊರನ್ನು ಕಟ್ಟಲು ಅಪ್ಪಣೆ ಪಡೆದನು (ನೆಹೆಮೀಯ 2). ಮೃತರ ನ್ಯಾಯತೀರ್ಪು ದೇವರದು. ಅವರ ದೇಹವನ್ನು ಪುನರುತ್ಥಾನದ ನಿರೀಕ್ಷೆಯಲ್ಲಿ ಮಣ್ಣಿಗೆ ಒಪ್ಪಿಸಿದ ಸಭೆಗೆ ಆ ಮಣ್ಣಿನ ಹೊಣೆಯುಂಟು.

ಈ ಹೊಣೆ ವಂಶದ ಹೊಣೆಗಿಂತ ದೊಡ್ಡದು. ಡಿ ಮ್ಯೂರಾನ್ ಎಂಬ ಹೆಸರಿಗೆ ವಂಶಸ್ಥರು ದೊರೆತರು. ಸುರಂಗದಲ್ಲಿ ಬಂಡೆ ಸಿಡಿದು ಸತ್ತ ಕೂಲಿಯವನ ದಿಬ್ಬಕ್ಕೆ ಕೆತ್ತಿದ ಕಲ್ಲು ಇಲ್ಲದಿದ್ದರೆ, ಯಾವ ದೂರದ ಬಂಧು ಅದನ್ನು ಹುಡುಕಿ ಬಂದಾನು? ಆದ್ದರಿಂದ ಸಭಾಪಾಲಕರೂ ವಿದ್ಯಾರ್ಥಿಗಳೂ ಕುಡುಗೋಲು ಹಿಡಿಯುವ ಮೊದಲು ಸಭೆಯ ಮರಣ ದಾಖಲೆಯ ಪುಸ್ತಕವನ್ನು ತೆರೆಯಲಿ. ಕಲ್ಲು ಹೇಳದ ಹೆಸರು ಅಲ್ಲಿ ಸಿಕ್ಕೀತು. ಶುಚಿಮಾಡುವ ಮುನ್ನ ಪ್ರತಿ ಕಲ್ಲಿನ ಚಿತ್ರ ತೆಗೆಯಲಿ. ಅಕ್ಷರಗಳಿಗೆ ಆಮ್ಲ ಸೋಕದಿರಲಿ. ಗೋಡೆಯ ಬೇರನ್ನು ಎಳೆಯದೆ ಕತ್ತರಿಸಲಿ. ಸುಣ್ಣದ ಗಾರೆಯ ಕಟ್ಟಡಕ್ಕೆ ಸಿಮೆಂಟು ಮೆತ್ತದಿರಲಿ. ದೊರೆತ ಹೆಸರುಗಳನ್ನು, ಅಧಿಕಾರಿಯದನ್ನೂ ಕೂಲಿಯವನದನ್ನೂ ಒಂದೇ ಪಟ್ಟಿಯಲ್ಲಿ, ಸಕಲ ಮೃತರ ಸ್ಮರಣೆಯ ದಿನದಂದು ಆರಾಧನೆಯಲ್ಲಿ ಗಟ್ಟಿಯಾಗಿ ಓದಲಿ.