ಪದ ಬಿಟ್ಟ ಕುಣಿತ: ಹಿಲೋದ ಹುಲಾ, ನಮ್ಮ ಡೊಳ್ಳು

ಕೆರೆಬಿಳಚಿಯವರಿಗೆ ಸೂಳೆಕೆರೆಯ ಕಥೆ ಯಾರೂ ಹೇಳಿಕೊಡಬೇಕಿಲ್ಲ. ಸರ್ಕಾರದ ಬೋರ್ಡಿನಲ್ಲಿ ಅದು ಶಾಂತಿಸಾಗರ. ಜನರ ಬಾಯಲ್ಲಿ ಇವತ್ತಿಗೂ ಸೂಳೆಕೆರೆ. ಸ್ವರ್ಗಾವತಿ ಪಟ್ಟಣದ ರಾಜನ ಮಗಳು ಶಾಂತವ್ವ ಅಪ್ಪನ ಬೈಗುಳಕ್ಕೆ ನೊಂದು ಕಟ್ಟಿಸಿದ ಕೆರೆ ಅಂತ ಒಂದು ಕಥೆ. ಕೆರೆಯ ಜಾಗ ಸೂಳೆಯರದ್ದಾಗಿತ್ತು, ತಮ್ಮ ಹೆಸರಿಡುವುದಾದರೆ ಬಿಟ್ಟುಕೊಡುತ್ತೇವೆ ಅಂದರು ಅಂತ ಇನ್ನೊಂದು ಕಥೆ. ಯಾವುದು ನಿಜ ಅನ್ನೋದು ಇಲ್ಲಿ ಮುಖ್ಯ ಅಲ್ಲ. ಸುಮಾರು 6,500 ಎಕರೆ ನೀರಿನ ಹೆಸರನ್ನು ಬಾಯಿಬಿಟ್ಟು ಹೇಳೋಕೆ ಓದಿದವರು ಹಿಂಜರಿಯುತ್ತಾರೆ, ಅದು ಮುಖ್ಯ.

ಹಳೆಯ ಶಾಸನಗಳಲ್ಲಿ ಸೂಳೆ ಅನ್ನೋ ಮಾತು ಬೈಗುಳವಾಗಿರಲಿಲ್ಲ. ದೇವಸ್ಥಾನದಲ್ಲಿ ಹಾಡಿ ಕುಣಿಯುತ್ತಿದ್ದ ಹೆಣ್ಣುಮಕ್ಕಳಿಗೂ ಆ ಹೆಸರಿತ್ತು. ಅವರಿಗೆ ಭೂಮಿ ಕೊಟ್ಟದ್ದನ್ನು, ಅವರೇ ದಾನ ಕೊಟ್ಟದ್ದನ್ನು ಕಲ್ಲಿನ ಮೇಲೆ ಬರೆಸಿದ್ದಾರೆ. ಆಮೇಲೆ ಕಾಲ ಬದಲಾಯಿತು. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆ ನಿಲ್ಲಿಸಿತು. ನಮ್ಮ ಚನ್ನಗಿರಿ, ಹೊನ್ನಾಳಿ ಆಗ ಮೈಸೂರು ಸೀಮೆಯ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ದಾವಣಗೆರೆ ಜಿಲ್ಲೆಗೆ ಸೇರಿದ್ದು 1997ರಲ್ಲಿ. ಆ ಪದ್ಧತಿಯಲ್ಲಿ ಹೆಣ್ಣುಮಕ್ಕಳ ಬದುಕು ಹಾಳಾಗುತ್ತಿತ್ತು, ನಿಲ್ಲಿಸಿದ್ದು ಸರಿಯೇ. ಆದರೆ ಅನಿಷ್ಟವನ್ನು ಕಟ್ಟಿ ಎಸೆದ ಮೂಟೆಯೊಳಗೆ ಅವರ ಹಾಡು, ಹೆಜ್ಜೆಗಳೂ ಸೇರಿ ಹೋದವು. ಅದನ್ನು ಯಾರೂ ಲೆಕ್ಕ ಇಡಲಿಲ್ಲ.

ಇದನ್ನೆಲ್ಲ ಈಗ ಬರೆಯೋಕೆ ಕಾರಣ ಒಂದು ವಿಡಿಯೋ. ಅಮೆರಿಕಕ್ಕೆ ಸೇರಿದ, ಪೆಸಿಫಿಕ್ ಸಾಗರದ ನಡುವೆ ಇರುವ ಹವಾಯಿ ದ್ವೀಪಗಳ ಹುಲಾ ಕುಣಿತದ ವಿಡಿಯೋ ನಮ್ಮ ಗುಂಪಿನಲ್ಲಿ ಹರಿದಾಡಿತು. ಸೋರೆಬುರುಡೆ ಬಡಿಯುತ್ತಾ ಒಬ್ಬ ಹಿರಿಯ ಹೆಂಗಸು ಪದ ಹೇಳುತ್ತಾಳೆ, ಮುಂದೆ ಇಪ್ಪತ್ತು ಜನ ಒಂದೇ ಮೈಯಂತೆ ಕುಣಿಯುತ್ತಾರೆ. ನೋಡಿದ ತಕ್ಷಣ ನಮ್ಮ ಹುಡುಗರು ಕೇಳಿದ್ದು, "ಇದು ನಮ್ಮ ಡೊಳ್ಳಿನ ಹಾಗೇ ಐತಲ್ಲ?" ಹಾಗೇ ಇದೆ. ಆದರೆ ಒಂದು ಕಡೆ ಹಾಗಿಲ್ಲ. ಆ ಒಂದು ಕಡೆಯ ಬಗ್ಗೆಯೇ ಈ ಬರಹ.

ಹವಾಯಿಯ ಜನರಿಗೆ ಮೊದಲು ಲಿಪಿ ಇರಲಿಲ್ಲ. ರಾಜರ ವಂಶಾವಳಿ, ಬೆಂಕಿ ಬೆಟ್ಟದ ದೇವತೆ ಪೆಲೆಯ ಕಥೆ, ಯಾವ ಊರಲ್ಲಿ ಯಾವ ಗಾಳಿ ಬೀಸುತ್ತದೆ ಅನ್ನೋದು, ಎಲ್ಲವೂ ಬಾಯಿಪಾಠದ ಪದಗಳಲ್ಲೇ ಇತ್ತು. ಆ ಪದಕ್ಕೆ ಮೈ ಕೊಟ್ಟರೆ ಅದೇ ಹುಲಾ. ಕೈಯ ಒಂದೊಂದು ಚಲನೆಗೂ ಒಂದೊಂದು ಮಾತಿನ ಅರ್ಥ. ತೆಂಗಿನ ಮರದ ಬುಡ ಕೊರೆದು ಅದಕ್ಕೆ ಶಾರ್ಕ್ ಮೀನಿನ ಚರ್ಮ ಬಿಗಿದ ಡೋಲು, ಎರಡು ಸೋರೆಬುರುಡೆ ಒಂದರ ಮೇಲೊಂದು ಕೂಡಿಸಿದ ವಾದ್ಯ, ಇವು ತಾಳಕ್ಕೆ. ಕಲಿಸುವ ಗುರುವಿಗೆ ಕುಮು ಅನ್ನುತ್ತಾರೆ, ಕಲಿಯುವ ಮನೆಗೆ ಹಲಾವ್.

1820ರಲ್ಲಿ ಅಮೆರಿಕದ ಪಾದ್ರಿಗಳು ಬಂದರು. ಅವರ ಕಣ್ಣಿಗೆ ಹುಲಾ ಅಶ್ಲೀಲ, ಸೋಮಾರಿಗಳ ಕೆಲಸ. ಆಳುತ್ತಿದ್ದ ರಾಣಿ ಕಾಹುಮನು ಅವರ ಧರ್ಮ ಸೇರಿದಳು. 1830ರಲ್ಲಿ ನಾಲ್ಕು ಜನರ ಎದುರು ಹುಲಾ ಕುಣಿಯಬಾರದು ಅಂತ ಆಜ್ಞೆ ಮಾಡಿದಳು. 1850ರ ದಶಕದಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ಪಡೆದರೆ ಮಾತ್ರ ಕುಣಿಯಬಹುದು ಅನ್ನೋ ಕಾನೂನು ಬಂತು. ಪಟ್ಟಣದಲ್ಲಿ ನಿಂತಿತು. ದೂರದ ಹಳ್ಳಿಗಳಲ್ಲಿ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳಿಕೊಡುತ್ತಲೇ ಇದ್ದರು. ಪಾದ್ರಿಗಳ ಕಣ್ಣು ಎಷ್ಟು ಮನೆ ಕಾಯೋಕೆ ಸಾಧ್ಯ?

ಅದನ್ನು ಮತ್ತೆ ಹೊರಗೆ ತಂದವನು ಕಲಾಕೌವಾ ಅನ್ನೋ ರಾಜ. 1874ರಿಂದ 1891ರವರೆಗೆ ಆಳಿದವನು. 1881ರಲ್ಲಿ ಇಡೀ ಜಗತ್ತು ಸುತ್ತಿದ, ಕಲ್ಕತ್ತಾ, ಬೊಂಬಾಯಿಗೂ ಬಂದಿದ್ದ. (ಅದೇ ವರ್ಷ ಇಲ್ಲಿ ಬ್ರಿಟಿಷರು ಮೈಸೂರನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂತಿರುಗಿಸಿದರು.) 1883ರಲ್ಲಿ ತನ್ನ ಪಟ್ಟಾಭಿಷೇಕದ ಉತ್ಸವದಲ್ಲಿ ಅವನು ಬಹಿರಂಗವಾಗಿ ಹುಲಾ ಕುಣಿಸಿದ. ಗಲಾಟೆ ಎಷ್ಟಾಯಿತೆಂದರೆ, ಆ ಹುಲಾಗಳ ಪಟ್ಟಿಯನ್ನು ಅಚ್ಚು ಹಾಕಿದವರ ಮೇಲೆ ಅಶ್ಲೀಲತೆಯ ಕೇಸು ಬಿತ್ತು. ಕುಣಿಸಿದ ರಾಜನನ್ನು ಮುಟ್ಟಲಾಗದೆ ಪ್ರೆಸ್ಸಿನವರನ್ನು ಹಿಡಿದರು. ಪತ್ರಿಕೆ ಕೆಲಸದ ನಮಗೆ ಈ ಭಾಗ ಹೊಸದೇನಲ್ಲ.

ಮುಂದೆ ರಾಜ್ಯವೇ ಹೋಯಿತು. 1893ರಲ್ಲಿ ರಾಣಿ ಲಿಲಿಯುಕಲಾನಿಯನ್ನು ಇಳಿಸಿದರು, 1896ರಲ್ಲಿ ಶಾಲೆಯ ಪಾಠ ಇಂಗ್ಲಿಷಿನಲ್ಲೇ ಆಗಬೇಕು ಅಂತ ಕಾನೂನು ಮಾಡಿದರು, 1898ರಲ್ಲಿ ಅಮೆರಿಕ ದ್ವೀಪಗಳನ್ನು ತನ್ನದಾಗಿಸಿಕೊಂಡಿತು. ಆಗ ಹುಲಾಕ್ಕೆ ನಿಷೇಧಕ್ಕಿಂತ ದೊಡ್ಡ ಕಷ್ಟ ಬಂತು. ಜನ ಅದನ್ನು ಇಷ್ಟಪಡತೊಡಗಿದರು! ಹಡಗಿನಲ್ಲಿ ಬರುವ ಪ್ರವಾಸಿಗರಿಗೆ ಹುಲ್ಲಿನ ಲಂಗ, ನಗು, ಇಂಗ್ಲಿಷ್ ಹಾಡು ಬೇಕಾಗಿತ್ತು. 1937ರಲ್ಲಿ ಕ್ಯಾಮೆರಾ ರೀಲು ಮಾರುವ ಕೊಡ್ಯಾಕ್ ಕಂಪನಿ ಒಂದು ಹುಲಾ ಪ್ರದರ್ಶನ ಶುರುಮಾಡಿತು. ಅದು ನಡೆಯುತ್ತಿದ್ದದ್ದು ರಾತ್ರಿ ಅಲ್ಲ, ಹಗಲು; ಫೋಟೋ ಚೆನ್ನಾಗಿ ಬರಲಿ ಅಂತ. 2002ರವರೆಗೆ ನಡೆಯಿತು. ಕುಣಿಯುವವರು ಸಂಬಳ ಪಡೆದರು, ಮನೆ ನಡೆಸಿದರು, ಅದನ್ನು ತಪ್ಪು ಅನ್ನೋಕಾಗಲ್ಲ. ಆದರೆ ಪದದ ಅರ್ಥ ಕೇಳೋಕೆ ಅಲ್ಲಿ ಯಾರೂ ಬಂದಿರಲಿಲ್ಲ.

ಈಗ ಹಿಲೋ ಪಟ್ಟಣದ ಹಬ್ಬಕ್ಕೆ ಬರೋಣ. 1960ರಲ್ಲಿ ಸುನಾಮಿ ಬಂದು ಹಿಲೋದಲ್ಲಿ 61 ಜನ ಸತ್ತರು, ಪೇಟೆ ಕೊಚ್ಚಿಹೋಯಿತು. ಊರಿಗೆ ಜನ ಬರಲಿ, ವ್ಯಾಪಾರ ಆಗಲಿ ಅಂತ 1964ರಲ್ಲಿ ಒಂದು ಹಬ್ಬ ಮಾಡಿದರು. ಕಲಾಕೌವಾ ರಾಜನ ಅಡ್ಡಹೆಸರಿನಲ್ಲೇ ಅದಕ್ಕೆ ಮೆರ್ರಿ ಮೊನಾರ್ಕ್ ಅಂತ ಹೆಸರಿಟ್ಟರು. ಮೊದಮೊದಲು ಅಲ್ಲಿ ರಾಜನ ಹಾಗೆ ಗಡ್ಡ ಬಿಟ್ಟವರ ಸ್ಪರ್ಧೆಯೂ ಇತ್ತು. ಅಂದರೆ ನಮ್ಮೂರ ಜಾತ್ರೆ ಕಮಿಟಿಯವರು ಮಾಡುವಂಥದ್ದೇ. ಕೆಲವೇ ವರ್ಷಕ್ಕೆ ಅದು ನಿಲ್ಲುವ ಹಂತಕ್ಕೆ ಬಂತು. ಆಗ ಡಾಟಿ ಥಾಮ್ಸನ್ ಅನ್ನೋ ಹೆಂಗಸು ಜವಾಬ್ದಾರಿ ಹೊತ್ತರು, ಜಾರ್ಜ್ ನಾಓಪೆ ಅನ್ನೋ ಹುಲಾ ಗುರು ಜೊತೆಗಿದ್ದರು. 1971ರಿಂದ ಹುಲಾ ಸ್ಪರ್ಧೆ ಶುರುವಾಯಿತು, 1976ರಿಂದ ಗಂಡಸರ ತಂಡಗಳೂ ಬಂದವು. ಈಗಲೂ ಪ್ರತಿವರ್ಷ ಈಸ್ಟರ್ ಮುಗಿದ ವಾರ ನಡೆಯುತ್ತದೆ. ಸ್ಪರ್ಧೆ ನಡೆಯೋದು ಎಡಿತ್ ಕನಕಾಓಲೆ ಅನ್ನೋ ಹುಲಾ ಗುರುವಿನ ಹೆಸರಿನ ಟೆನಿಸ್ ಸ್ಟೇಡಿಯಂನಲ್ಲಿ. 1979ರಲ್ಲಿ ತೀರಿಕೊಂಡ ಆ ತಾಯಿಯ ಮುಖವನ್ನು 2023ರಲ್ಲಿ ಅಮೆರಿಕ ತನ್ನ ಕಾಲು ಡಾಲರ್ ನಾಣ್ಯದ ಮೇಲೆ ಹಾಕಿತು. ಒಂದು ಕಾಲಕ್ಕೆ ಅಶ್ಲೀಲ ಅನ್ನಿಸಿಕೊಂಡ ಕುಣಿತದ ಗುರು!

ಆ ಸ್ಪರ್ಧೆಯ ನಿಯಮ ನಮ್ಮನ್ನು ಹಿಡಿದು ನಿಲ್ಲಿಸಿತು. ಹಳೆ ಮಾದರಿಯ ಹುಲಾದಲ್ಲಿ ತಂಡ ಪದ ಹೇಳುತ್ತಲೇ ವೇದಿಕೆ ಏರಬೇಕು. ತಾವು ಕುಣಿಯುವ ಪದ ಯಾರ ಬಗ್ಗೆ, ಯಾವ ಜಾಗದ್ದು, ಅರ್ಥ ಏನು ಅಂತ ಮೊದಲೇ ಬರೆದುಕೊಡಬೇಕು. ಹೆಜ್ಜೆಗೆ ಅಂಕ ಇದ್ದ ಹಾಗೆ ಭಾಷೆಗೂ ಅಂಕ. ಹೀಗಾಗಿ ಹುಲಾ ಕಲಿಯಬೇಕೆಂದರೆ ಹವಾಯಿ ಭಾಷೆ ಕಲಿಯಬೇಕಾಯಿತು. 1978ರಲ್ಲಿ ಆ ಭಾಷೆ ಅಲ್ಲಿನ ಸರ್ಕಾರಿ ಭಾಷೆಗಳಲ್ಲಿ ಒಂದಾಯಿತು. ಹಬ್ಬ ಒಂದರಿಂದಲೇ ಆಯಿತು ಅಂತ ನಾವು ಹೇಳಲ್ಲ, ಆದರೆ ಹಬ್ಬ ಭಾಷೆಯ ಜೊತೆ ನಿಂತಿತು.

ಇನ್ನು ಡೊಳ್ಳು. ಡೊಳ್ಳನ್ನು ಯಾವ ರಾಣಿಯೂ ನಿಷೇಧ ಮಾಡಲಿಲ್ಲ. ಹಾಲುಮತದವರ ದೇವರು ಬೀರಪ್ಪನ ಗುಡಿ ಇರುವ ಕಡೆಯೆಲ್ಲ ಡೊಳ್ಳು ಇದೆ. ಡೊಳ್ಳಾಸುರ ಶಿವನನ್ನೇ ನುಂಗಿದ, ಶಿವ ಅವನ ಹೊಟ್ಟೆ ಸೀಳಿ ಹೊರಬಂದು ಅದೇ ಚರ್ಮದಿಂದ ಡೊಳ್ಳು ಮಾಡಿಕೊಟ್ಟ ಅನ್ನೋದು ಹುಟ್ಟಿನ ಕಥೆ. ಮರದ ಗೂಡಿಗೆ ಚರ್ಮ ಬಿಗಿದು, ಕಂಬಳಿ ಕಟ್ಟಿ, ವಿಭೂತಿ ಬಳಿದು, ತಾಳ, ಕಹಳೆ ಜೊತೆ ಕುಣಿಯುವುದು ನಮಗೆಲ್ಲ ಗೊತ್ತು. ಗೊತ್ತಿಲ್ಲದಿರುವುದು, ಅಥವಾ ಮರೆತಿರುವುದು, ಡೊಳ್ಳಿನ ಜೊತೆ ಪದ ಇತ್ತು ಅನ್ನೋದು. ಬೀರಪ್ಪ ಹುಟ್ಟಿದ್ದು, ಅಕ್ಕ ಮಾಯವ್ವ ಅವನನ್ನು ಸಾಕಿದ್ದು, ಕುರಿ ಹಿಂಡು, ಕಾಡು, ಮದುವೆ, ಜಗಳ, ಎಲ್ಲ ರಾತ್ರಿಯಿಡೀ ಹಾಡುವ ಕಥೆ. ಒಂದು ಸುತ್ತು ಕುಣಿತ, ಒಂದು ಸುತ್ತು ಪದ. ಕುಣಿದವರ ಉಸಿರು ಇಳಿಯುವವರೆಗೆ ಹಾಡು ಮುಂದುವರಿಯುತ್ತಿತ್ತು.

ಬಾಗಲಕೋಟೆ, ವಿಜಯಪುರದ ಕಡೆ ಡೊಳ್ಳಿನ ಪದ ಇವತ್ತಿಗೂ ಗಟ್ಟಿ ಇದೆ. ಅಲ್ಲಿ ಜನ ಕುಣಿತಕ್ಕಿಂತ ಹೆಚ್ಚಾಗಿ ಹಾಡಿಕೆ ಕೇಳೋಕೆ ಬರುತ್ತಾರೆ, ಎದುರುಬದುರು ಮೇಳಗಳು ಬೆಳಗಿನವರೆಗೆ ಹಾಡುತ್ತವೆ. ಶಿವಮೊಗ್ಗ, ದಾವಣಗೆರೆ ಕಡೆಯ ನಮ್ಮದು ಕುಣಿತದ ಡೊಳ್ಳು. ಹೆಜ್ಜೆ ಬೆಳೆಯಿತು, ಪದ ಸಣ್ಣದಾಯಿತು. ವೇದಿಕೆ ಸಿಕ್ಕ ಮೇಲಂತೂ ಪದ ಪೂರ್ತಿ ಹಿಂದೆ ಸರಿಯಿತು.

ವೇದಿಕೆಯ ಇತಿಹಾಸದಲ್ಲಿ ನಮ್ಮ ಜಿಲ್ಲೆಗೂ ಪಾಲಿದೆ. ಸಿರಿಗೆರೆಯ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿ ತರಳಬಾಳು ಹುಣ್ಣಿಮೆ ಉತ್ಸವವನ್ನು ಮೊದಲು ಮಾಡಿದ್ದು ಜಗಳೂರಿನಲ್ಲಿ, 1950ರಲ್ಲಿ. ಮಾಘ ಮಾಸದಲ್ಲಿ ಒಂಬತ್ತು ದಿನ, ಭಾರತ ಹುಣ್ಣಿಮೆಗೆ ಮುಕ್ತಾಯ. ಹಿಲೋದ ಹಬ್ಬ ಒಂದೇ ಊರಲ್ಲಿ ಕೂತಿದೆ, ಇದು ಊರೂರು ತಿರುಗುತ್ತದೆ. 2020ರಲ್ಲಿ ಹಳೇಬೀಡು, 2023ರಲ್ಲಿ ಕೊಟ್ಟೂರು, 2025ರಲ್ಲಿ ಭರಮಸಾಗರ. ಹಬ್ಬವೇ ಜನರ ಹತ್ತಿರ ಬರುವುದು ದೊಡ್ಡ ವಿಷಯ. ಮಠದ ಶಾಲೆಗಳ ಮಕ್ಕಳ ಮಲ್ಲಕಂಬ, ಜನಪದ ಕುಣಿತ ನೋಡೋಕೆ ಟ್ರ್ಯಾಕ್ಟರ್ ಕಟ್ಟಿಕೊಂಡು ಹೋದವರು ನಮ್ಮ ಓದುಗರಲ್ಲೇ ಬೇಕಾದಷ್ಟು ಜನ ಇದ್ದೀರಿ.

ಇತ್ತ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು, 1994ರಲ್ಲಿ ರಾಮನಗರದ ಹತ್ತಿರ ಜಾನಪದ ಲೋಕ ಮಾಡಿದರು. ಹಂಪಿ ಕನ್ನಡ ವಿಶ್ವವಿದ್ಯಾಲಯ ಹಾಲುಮತದ ಕಾವ್ಯವನ್ನು ಹಾಡುವವರ ಬಾಯಿಂದ ಬರೆಸಿ ಪುಸ್ತಕ ಮಾಡಿತು. ಪದ ಪುಸ್ತಕಕ್ಕೆ ಹೋಯಿತು, ಹೆಜ್ಜೆ ವೇದಿಕೆಗೆ ಬಂತು. ಎರಡೂ ಉಳಿದವು, ಆದರೆ ಬೇರೆ ಬೇರೆ ಮನೆಯಲ್ಲಿ.

ಈಗ ಮಂತ್ರಿ ಬಂದರೆ ಡೊಳ್ಳು, ಸಿನಿಮಾ ನಟನ ಕಟೌಟಿಗೆ ಹಾಲೆರೆಯುವಾಗ ಡೊಳ್ಳು, ದಸರಾ ಜಂಬೂ ಸವಾರಿಯಲ್ಲಿ ಡೊಳ್ಳು. ಉತ್ಸವದ ವೇದಿಕೆಯಲ್ಲಿ ಸಿಗುವುದು ಹತ್ತು ನಿಮಿಷ, ಭಾಷಣ ಉದ್ದ ಆದರೆ ಐದು. ಐದು ನಿಮಿಷದಲ್ಲಿ ಪದ ಹೇಳುತ್ತಾ ಕೂತರೆ ಯಾರು ಚಪ್ಪಾಳೆ ತಟ್ಟುತ್ತಾರೆ? ಹಾಗಾಗಿ ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಗೋಪುರ ಕಟ್ಟುತ್ತಾರೆ. ನೋಡೋಕೆ ಚೆಂದ, ಬೆವರು ಸುರಿಸಿ ಕಲಿತದ್ದು, ತಮಾಷೆ ಅಲ್ಲ. ಹಿಂದೆ ಗಂಡಸರದ್ದೇ ಆಗಿದ್ದ ಡೊಳ್ಳನ್ನು ಈಗ ಹೆಣ್ಣುಮಕ್ಕಳ ತಂಡಗಳೂ ಹೊತ್ತಿವೆ. ಇದು ವೇದಿಕೆಯಿಂದಲೇ ಆದ ಒಳ್ಳೆಯದು ಅಂತ ನಮ್ಮ ಅಭಿಪ್ರಾಯ. ಕುಣಿಯುವ ಹುಡುಗರು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಊರಲ್ಲಿ ಡೊಳ್ಳು ನಿಲ್ಲುವ ಕಥೆಯ 'ಡೊಳ್ಳು' ಸಿನಿಮಾಕ್ಕೆ 68ನೇ ರಾಷ್ಟ್ರ ಪ್ರಶಸ್ತಿಯಲ್ಲಿ ಕನ್ನಡದ ಅತ್ಯುತ್ತಮ ಚಿತ್ರ ಅಂತ ಬಹುಮಾನ ಬಂತು. ನೋಡಿಲ್ಲದವರು ನೋಡಿ.

ಆದರೆ ಕುಣಿಯುವವರು ಸಿಕ್ಕ ಕಡೆಯೂ ಪದ ಸಿಗುತ್ತಿಲ್ಲ. ತಾಲೂಕಿನಲ್ಲಿ ನಾವು ಮಾತಾಡಿಸಿದ ಹುಡುಗರ ತಂಡಗಳಿಗೆ ಹೆಜ್ಜೆಗಳ ಲೆಕ್ಕ ಬಾಯಿಪಾಠ, ಬೀರಪ್ಪನ ಪದ ಒಂದು ಚರಣಕ್ಕಿಂತ ಮುಂದೆ ಹೋಗಲಿಲ್ಲ. ಹಿಲೋದವರ ಹಾಗೆ ಉತ್ಸವ ಮಾಡುವವರು, ಇಲಾಖೆಯವರು, ಮಠದವರು, ಜಾತ್ರೆ ಕಮಿಟಿಯವರು ಒಂದು ಮಾತು ಹೇಳಬಹುದು: ಹತ್ತು ನಿಮಿಷ ಕೊಡ್ತೀವಿ, ಅದರಲ್ಲಿ ಮೂರು ನಿಮಿಷ ಪದಕ್ಕೆ. ಪದ ಹೇಳುವ ಹಿರಿಯರಿಗೆ ಕುಣಿಯುವವರಷ್ಟೇ ಸಂಭಾವನೆ. ಇದಕ್ಕೆ ಹೊಸ ಅಕಾಡೆಮಿ ಬೇಕಿಲ್ಲ, ಕಾರ್ಯಕ್ರಮದ ಪಟ್ಟಿಯಲ್ಲಿ ಒಂದು ಸಾಲು ಬದಲಾದರೆ ಸಾಕು.

ಸೂಳೆಕೆರೆ ಕಡೆಯ ಹಳ್ಳಿಯೊಂದರಲ್ಲಿ ಡೊಳ್ಳು ಬಿಟ್ಟು ಬಹಳ ವರ್ಷವಾದ ಹಿರಿಯರೊಬ್ಬರನ್ನು ಕೇಳಿದೆವು.

"ಅಜ್ಜಾ, ಪದ ಬರ್ತಾವಾ?"

"ಬರ್ತಾವಪ್ಪ. ಕೇಳೋರು ಬೇಕಲ್ಲ."

"ಎಷ್ಟೊತ್ತು ಹಾಡ್ತೀರಿ?"

"ಒಂದು ರಾತ್ರಿಗೆ ಮುಗಿಯಾಕಿಲ್ಲ. ನೀವು ಎಷ್ಟೊತ್ತು ಕೂರ್ತೀರಿ ಹೇಳ್ರಿ."

ಅವತ್ತು ನಲವತ್ತು ನಿಮಿಷ ಕೂತು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆವು. ಬೀರಪ್ಪ ಇನ್ನೂ ತೊಟ್ಟಿಲಲ್ಲೇ ಇದ್ದಾನೆ. ಮುಂದಿನ ಭಾನುವಾರ ಮತ್ತೆ ಹೋಗುತ್ತೇವೆ.