ಹದಿಮೂರು ವಸಾಹತುಗಳು ಒಂದು ರಾಜ್ಯವಾದ ಬಗೆ



ಶ್ರೀರಂಗಪಟ್ಟಣದ ಕೋಟೆಯನ್ನು ನೋಡಹೋದವರು ಕಾರ್ನ್‌ವಾಲಿಸ್ ಪ್ರಭುವಿನ ಹೆಸರನ್ನು ಕೇಳದೆ ಹಿಂದಿರುಗುವುದು ಅಪರೂಪ. 1792ರಲ್ಲಿ ಟೀಪೂ ಸುಲ್ತಾನನಿಂದ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳ ಕರಾರನ್ನೂ ಪಡೆದು, ಅವನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕರೆದೊಯ್ದವನು ಈತನೇ. ಅದಕ್ಕೆ ಹತ್ತು ವರ್ಷಗಳ ಹಿಂದೆ, 1781ರ ಅಕ್ಟೋಬರಿನಲ್ಲಿ, ಇದೇ ಸೇನಾನಿಯು ಭೂಮಿಯ ಮತ್ತೊಂದು ಮಗ್ಗುಲಲ್ಲಿ, ಯಾರ್ಕ್‌ಟೌನ್ ಎಂಬ ಊರಿನಲ್ಲಿ, ತನ್ನ ಇಡೀ ಸೈನ್ಯದೊಡನೆ ಶರಣಾಗತನಾಗಿದ್ದನು. ಆ ದಿನ ತನಗೆ ದೇಹಾಲಸ್ಯವೆಂದು ಹೇಳಿ, ಕತ್ತಿಯನ್ನೊಪ್ಪಿಸಲು ಕೆಳಗಿನ ಅಧಿಕಾರಿಯನ್ನು ಕಳುಹಿಸಿದನಂತೆ! ಅವನನ್ನು ಸೋಲಿಸಿದ ಅಮೆರಿಕನರಿಗೆ ನಮ್ಮ ನಾಡಿನ ಹೆಸರೂ ಅಪರಿಚಿತವಾಗಿರಲಿಲ್ಲ. 1782ರಲ್ಲಿ ಪೆನ್ಸಿಲ್ವೇನಿಯಾದವರು ಇಂಗ್ಲಿಷರ ಮೇಲೆ ಹೊರಡಿಸಿದ ಒಂದು ನೌಕೆಗೆ ‘ಹೈದರ್ ಅಲಿ’ ಎಂದೇ ಹೆಸರಿಟ್ಟಿದ್ದರು. ಡೆಲವೇರ್ ಕೊಲ್ಲಿಯಲ್ಲಿ ಅದು ತನಗಿಂತ ಬಲವಾದ ಶತ್ರುನೌಕೆಯೊಂದನ್ನು ಸೆರೆಹಿಡಿಯಿತು.

ಆದರೆ ನಾನು ಈ ಹೊತ್ತು ಹೇಳಹೊರಟಿರುವುದು ಯುದ್ಧದ ಕಥೆಯನ್ನಲ್ಲ. ಯುದ್ಧದಲ್ಲಿ ಗೆದ್ದವರೆಲ್ಲರೂ ರಾಜ್ಯವನ್ನು ಕಟ್ಟಬಲ್ಲವರಾಗಿದ್ದರೆ ಲೋಕದ ಇತಿಹಾಸವು ಬೇರೆಯಾಗಿರುತ್ತಿತ್ತು. ವ್ಯಾಪಾರಕ್ಕೆಂದೂ ಮತಾಚರಣೆಗೆಂದೂ ಸಮುದ್ರವನ್ನು ದಾಟಿ ಬಂದು ಕಾಡಿನಂಚಿನಲ್ಲಿ ಗುಡಿಸಲು ಹಾಕಿಕೊಂಡವರ ಮೊಮ್ಮಕ್ಕಳಿಗೆ ಆಳ್ವಿಕೆಯ ವಿದ್ಯೆ ಎಲ್ಲಿಂದ ಬಂದಿತು? ಒಬ್ಬರನ್ನೊಬ್ಬರು ನಂಬದ ಹದಿಮೂರು ಸಂಸ್ಥಾನಗಳು ಒಂದು ಸರ್ಕಾರಕ್ಕೆ ತಲೆಬಾಗಿದುದು ಹೇಗೆ? ವಿಚಾರಮಾಡತಕ್ಕುದು ಇದು.

1607ರಲ್ಲಿ ಲಂಡನ್ನಿನ ಒಂದು ವರ್ತಕರ ಕುಂಪಣಿಯು ನೂರು ಚಿಲ್ಲರೆ ಜನರನ್ನು ಜೇಮ್ಸ್‌ಟೌನ್ ಎಂಬಲ್ಲಿ ಇಳಿಸಿತು. ಚಿನ್ನವನ್ನು ಹುಡುಕಬಂದವರಿಗೆ ದೊರೆತುದು ಜವುಗು ನೆಲ, ಜ್ವರ, ಹಸಿವು. 1609ರ ಚಳಿಗಾಲವು ಕಳೆಯುವ ವೇಳೆಗೆ ಅಲ್ಲಿ ಉಳಿದವರು ಸುಮಾರು 60 ಮಂದಿ. ನೆಲೆಯನ್ನು ಉಳಿಸಿದುದು ಚಿನ್ನವಲ್ಲ, ಹೊಗೆಸೊಪ್ಪು. ಬೆಳೆ ಕೈಗೆ ಹತ್ತಿದ ಮೇಲೆ ಜನರನ್ನು ಅಲ್ಲಿ ನಿಲ್ಲಿಸುವುದಕ್ಕಾಗಿ ಕುಂಪಣಿಯು ಅವರಿಗೆ ಒಂದು ಸಭೆಯನ್ನು ಅನುಗ್ರಹಿಸಿತು. 1619ರ ಜುಲೈ ತಿಂಗಳ ಕೊನೆಯಲ್ಲಿ 22 ಮಂದಿ ಪ್ರತಿನಿಧಿಗಳು ಆ ಊರಿನ ಚರ್ಚಿನಲ್ಲಿ ಸೆಕೆಯೊಳಗೆ ಕುಳಿತು ಕಟ್ಟಳೆಗಳನ್ನು ಮಾಡಿದರು. ಅದೇ ವರ್ಷ, ಕೆಲವೇ ವಾರಗಳ ತರುವಾಯ, ಇಪ್ಪತ್ತಕ್ಕೂ ಸ್ವಲ್ಪ ಮೇಲ್ಪಟ್ಟು ಆಫ್ರಿಕನರನ್ನು ಹೊತ್ತ ಹಡಗೊಂದು ಸಮೀಪದ ರೇವಿಗೆ ಬಂದಿತು. ಅವರನ್ನು ಆಹಾರಕ್ಕೆ ಬದಲಾಗಿ ಮಾರಲಾಯಿತು. ಪ್ರಜಾಸಭೆಯೂ ಮನುಷ್ಯವಿಕ್ರಯವೂ ಒಂದೇ ನೆಲದಲ್ಲಿ ಒಂದೇ ವರ್ಷ ಬೇರೂರಿದುವು. ಈ ಮಾತನ್ನು ಶ್ರೋತೃಗಳು ಜ್ಞಾಪಕದಲ್ಲಿಟ್ಟುಕೊಳ್ಳಬೇಕು. ಮುಂದೆ ಇದು ಮತ್ತೆ ತಲೆಯೆತ್ತುವುದು.

ಉತ್ತರದ ನೆಲೆಗಳ ಕಥೆ ಬೇರೆ. 1620ರಲ್ಲಿ ‘ಮೇಫ್ಲವರ್’ ಹಡಗಿನಲ್ಲಿ ಬಂದ ಮತನಿಷ್ಠರು ದಡಕ್ಕಿಳಿಯುವ ಮೊದಲೇ, ತಾವೇ ಕೂಡಿ ಮಾಡುವ ಕಟ್ಟಳೆಗೆ ತಾವೇ ಒಳಪಡುವೆವೆಂದು ಒಡಂಬಡಿಕೆಯನ್ನು ಬರೆದುಕೊಂಡರು. 1630ರಲ್ಲಿ ಮ್ಯಾಸಚೂಸೆಟ್ಸಿಗೆ ಬಂದವರು ಇನ್ನೂ ಜಾಣರು. ದೊರೆಯು ಕೊಟ್ಟ ಸನ್ನದನ್ನು ಲಂಡನ್ನಿನ ಪೆಟ್ಟಿಗೆಯಲ್ಲಿರಿಸದೆ ತಮ್ಮೊಡನೆಯೇ ಹಡಗಿನಲ್ಲಿ ತಂದುಬಿಟ್ಟರು! ವರ್ತಕರ ಕುಂಪಣಿಯ ಪಾಲುದಾರರ ಸಭೆಯೇ ಹೀಗೆ ಒಂದು ನಾಡಿನ ಶಾಸನಸಭೆಯಾಗಿ ಬೆಳೆಯಿತು.

1733ರಲ್ಲಿ ಜಾರ್ಜಿಯಾ ಸೇರುವ ವೇಳೆಗೆ ವಸಾಹತುಗಳು ಹದಿಮೂರಾದುವು. ಹೆಚ್ಚಿನ ವಸಾಹತುಗಳಲ್ಲಿ ಗವರ್ನರನು ಇಂಗ್ಲೆಂಡಿನ ದೊರೆಯಿಂದ ನೇಮಿತನಾದವನು. ಆದರೆ ಹಲವೆಡೆ ಅವನ ಸಂಬಳವನ್ನು ಮಂಜೂರು ಮಾಡುತ್ತಿದ್ದುದು ಊರಿನವರ ಸಭೆ. ಸಭೆಯ ಮಾತನ್ನು ಕೇಳದ ಗವರ್ನರನಿಗೆ ಸಂಬಳವು ತಡವಾಗುತ್ತಿತ್ತು. ಲಂಡನ್ನಿಗೆ ದೂರು ಕೊಡೋಣವೆಂದರೆ ಕಾಗದವು ಹೋಗಿ ಉತ್ತರವು ಬರಲು ತಿಂಗಳುಗಳೇ ಬೇಕು. ಸ್ವರಾಜ್ಯವೆಂಬ ಪದವನ್ನು ಉಚ್ಚರಿಸುವುದಕ್ಕೆ ನೂರು ವರ್ಷ ಮೊದಲೇ ಅವರು ಅದನ್ನು ಅನುಭವಿಸುತ್ತಿದ್ದರು ಎಂದು ನನ್ನ ಅಭಿಪ್ರಾಯ. ಓಟಿನ ಹಕ್ಕು ಆಸ್ತಿವಂತರಾದ ಗಂಡಸರಿಗೆ ಮಾತ್ರವಿದ್ದಿತೆಂಬುದು ನಿಜ. ಆದರೂ ಭೂಮಿ ಸುಲಭವಾಗಿ ದೊರೆಯುತ್ತಿದ್ದ ಆ ನಾಡಿನಲ್ಲಿ ಅಂಥವರ ಸಂಖ್ಯೆ ಇಂಗ್ಲೆಂಡಿಗಿಂತ ಬಹಳ ಹೆಚ್ಚು. ಆ ಭೂಮಿಯಾದರೋ ಮೂಲನಿವಾಸಿಗಳದು. ಅವರಿಗೆ ಯಾವ ಸಭೆಯಲ್ಲಿಯೂ ಪೀಠವಿರಲಿಲ್ಲ.

1763ರಲ್ಲಿ ಫ್ರೆಂಚರೊಡನೆ ನಡೆದ ಏಳು ವರ್ಷಗಳ ಯುದ್ಧವು ಮುಗಿದಾಗ ಇಂಗ್ಲೆಂಡಿನ ಸಾಲ ಸುಮಾರು ಇಮ್ಮಡಿಯಾಗಿದ್ದಿತು. ವಸಾಹತುಗಳೂ ಆ ಭಾರಕ್ಕೆ ಹೆಗಲು ಕೊಡಲೆಂದು ಪಾರ್ಲಿಮೆಂಟು 1765ರಲ್ಲಿ ಸ್ಟಾಂಪು ಕಾಯಿದೆಯನ್ನು ಹೊರಡಿಸಿ, ಗಲಭೆಗೆ ಅಂಜಿ ಮರುವರ್ಷವೇ ಹಿಂತೆಗೆಯಿತು. ಆಮೇಲೆ ಬಂದುದು ಚಹಾದ ಪ್ರಕರಣ. ಬಂಗಾಳದ ದಿವಾನಿಯನ್ನು ಪಡೆದ ಈಸ್ಟ್ ಇಂಡಿಯಾ ಕುಂಪಣಿಯೇ ಆಗ ದಿವಾಳಿಯ ಅಂಚಿನಲ್ಲಿದ್ದಿತು. ಅದರ ಉಗ್ರಾಣಗಳಲ್ಲಿ ಚೀನಾದ ಚಹಾ ರಾಶಿಬಿದ್ದಿದ್ದಿತು. 1773ರ ಕಾಯಿದೆಯಿಂದ ಆ ಚಹಾ ಅಮೆರಿಕದಲ್ಲಿ ಕಳ್ಳಸಾಗಣೆಯ ಚಹಾಕ್ಕಿಂತಲೂ ಅಗ್ಗವಾಯಿತು! ಆದರೂ ಡಿಸೆಂಬರ್ 16ರ ರಾತ್ರಿ ಬಾಸ್ಟನ್ನಿನ ಜನರು 342 ಪೆಟ್ಟಿಗೆಗಳನ್ನು ಒಡೆದು ಕಡಲಿಗೆ ಸುರಿದರು. ಕ್ರಯವು ಅವರಿಗೆ ಮುಖ್ಯವಾಗಿರಲಿಲ್ಲ. ತಮ್ಮ ಪ್ರತಿನಿಧಿಗಳಿಲ್ಲದ ಸಭೆಯೊಂದು ಪೌಂಡಿಗೆ 3 ಪೆನ್ನಿಯ ಸುಂಕವನ್ನು ವಿಧಿಸಿದ್ದೇ ಮುಖ್ಯವಾಗಿದ್ದಿತು. ಮುಂದಿನ ಸಂಗತಿಗಳು ಸುಪರಿಚಿತ: 1775ರಲ್ಲಿ ಯುದ್ಧ, 1776ರ ಜುಲೈ 4ರಂದು ಸ್ವಾತಂತ್ರ್ಯಘೋಷಣೆ, ಫ್ರೆಂಚರ ನೆರವು, 1783ರಲ್ಲಿ ಪ್ಯಾರಿಸಿನ ಕೌಲು.

ನಿಜವಾದ ಸಂಕಟವು ಆಗ ಪ್ರಾರಂಭವಾಯಿತು. ಹದಿಮೂರು ಸಂಸ್ಥಾನಗಳು ಯುದ್ಧಕಾಲದಲ್ಲಿ ಒಂದು ಮೈತ್ರಿಯ ಕರಾರನ್ನು ಮಾಡಿಕೊಂಡಿದ್ದುವು. ಅದು 1781ರಲ್ಲಿ ಜಾರಿಗೆ ಬಂದಿತು. ಅದರಂತೆ ಕಾಂಗ್ರೆಸ್ ಸಭೆಯು ಯುದ್ಧವನ್ನು ಹೂಡಬಹುದು, ಸಾಲವನ್ನು ಎತ್ತಬಹುದು. ಆದರೆ ಒಂದು ಕಾಸಿನ ತೆರಿಗೆಯನ್ನೂ ವಿಧಿಸಲಾರದು. ಸಂಸ್ಥಾನಗಳನ್ನು ಬೇಡಬೇಕು, ಅವು ಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಕರಾರನ್ನು ತಿದ್ದಲು ಹದಿಮೂರೂ ಒಪ್ಪಬೇಕು. ಆಮದಿನ ಮೇಲೆ ನೂರಕ್ಕೆ 5ರಂತೆ ಸುಂಕವನ್ನು ಕೇಳಿದಾಗ 1782ರಲ್ಲಿ ರೋಡ್ ಐಲೆಂಡ್ ಎಂಬ ಅಂಗೈಯಗಲದ ಸಂಸ್ಥಾನವೊಂದು ಒಲ್ಲೆನೆಂದಿತು. ಸುಂಕವು ಅಲ್ಲಿಗೇ ಮುಗಿಯಿತು. 1783ರ ಬೇಸಗೆಯಲ್ಲಿ ಸಂಬಳ ಸಿಕ್ಕದ ಸಿಪಾಯಿಗಳು ಫಿಲಡೆಲ್ಫಿಯಾದಲ್ಲಿ ಸಭಾಮಂದಿರವನ್ನು ಮುತ್ತಲು, ಗೆದ್ದ ರಾಷ್ಟ್ರದ ಕಾಂಗ್ರೆಸ್ಸು ಪ್ರಿನ್ಸ್‌ಟನ್ನಿಗೆ ಸ್ಥಳಾಂತರಗೊಳ್ಳಬೇಕಾಯಿತು. 1786ರಲ್ಲಿ ಮ್ಯಾಸಚೂಸೆಟ್ಸಿನ ಸಾಲಗಾರ ರೈತರು, ತಮ್ಮೊಡನೆ ಯುದ್ಧಮಾಡಿದ ಡ್ಯಾನಿಯಲ್ ಶೇಸ್ ಎಂಬ ಕ್ಯಾಪ್ಟನನ ಮುಂದಾಳುತನದಲ್ಲಿ ಕೋರ್ಟುಗಳನ್ನು ನಡೆಯಗೊಡದೆ ಬಂದೂಕು ಹಿಡಿದರು. ಆ ರೈತರ ಕಷ್ಟವು ಸುಳ್ಳಲ್ಲ. ಆದರೆ ಸ್ಥಿತಿವಂತರ ಎದೆ ನಡುಗಿತು.

1787ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದಲ್ಲಿ ನೆರೆದ ಸಭೆಗೆ ಹೀಗೆ ಭಯವೇ ಆಹ್ವಾನಪತ್ರವಾಯಿತು. ಹನ್ನೆರಡು ಸಂಸ್ಥಾನಗಳಿಂದ ಬಂದವರು ಒಟ್ಟು 55 ಮಂದಿ. ರೋಡ್ ಐಲೆಂಡ್ ಯಾರನ್ನೂ ಕಳುಹಿಸಲಿಲ್ಲ. ಜಾರ್ಜ್ ವಾಷಿಂಗ್‌ಟನ್ ಅಧ್ಯಕ್ಷ. 81 ವರ್ಷದ ಬೆಂಜಮಿನ್ ಫ್ರಾಂಕ್ಲಿನ್ ಹಿರಿಯ. 36 ವರ್ಷದ ಜೇಮ್ಸ್ ಮ್ಯಾಡಿಸನ್ ದಿನದಿನದ ಚರ್ಚೆಯನ್ನು ಬರೆದಿಟ್ಟನು. ಅವನು ತೀರಿಕೊಂಡ ಮೇಲೆ, 1840ರಲ್ಲಿ, ಅದು ಅಚ್ಚಾಯಿತು. ಹಳೆಯ ಕರಾರನ್ನು ತಿದ್ದಬನ್ನಿರೆಂದು ಕರೆಯಿಸಿಕೊಂಡವರು ಬಾಗಿಲು ಮುಚ್ಚಿಕೊಂಡು ಹೊಸ ರಾಜ್ಯಾಂಗವನ್ನೇ ರಚಿಸತೊಡಗಿದರು. ಇದು ಅಧಿಕಾರಮೀರಿದ ಕಾರ್ಯವಲ್ಲವೆ ಎಂದು ಕೇಳಿದರೆ, ಹೌದೆಂದೇ ಹೇಳಬೇಕು.

ವಿವಾದವು ಪೀಠಗಳ ಲೆಕ್ಕಕ್ಕೆ ಬಂದು ನಿಂತಿತು. ವರ್ಜೀನಿಯಾದಂತಹ ದೊಡ್ಡವರು ಜನಸಂಖ್ಯೆಗೆ ತಕ್ಕಷ್ಟು ಓಟು ಬೇಕೆಂದರು. ಡೆಲವೇರಿನಂತಹ ಚಿಕ್ಕವರು ಸಂಸ್ಥಾನಕ್ಕೊಂದು ಓಟೆಂದರು. ಜುಲೈ 16ರಂದು, ನಾಲ್ಕಕ್ಕೆದುರಾಗಿ ಐದು ಓಟುಗಳಿಂದ, ರಾಜಿಯಾಯಿತು: ಕೆಳಮನೆಯಲ್ಲಿ ಜನಸಂಖ್ಯೆಗೆ ತಕ್ಕಂತೆ ಸ್ಥಾನ, ಸೆನೇಟಿನಲ್ಲಿ ಎಲ್ಲರೂ ಸಮಾನರು. ಹಾಗಾದರೆ ಜನಸಂಖ್ಯೆಯೆಂದರೆ ಯಾರು? ಓಟಿಗಾಗಲಿ ಆಸ್ತಿಗಾಗಲಿ ಹಕ್ಕಿಲ್ಲದೆ ತಾನೇ ಒಬ್ಬರ ಆಸ್ತಿಯಾಗಿದ್ದ ಗುಲಾಮನನ್ನು, ಒಡೆಯನ ಸಂಸ್ಥಾನಕ್ಕೆ ಪೀಠಗಳನ್ನು ಹೆಚ್ಚಿಸುವಾಗ, ಐದರಲ್ಲಿ ಮೂರು ಪಾಲಿನ ಮನುಷ್ಯನೆಂದು ಎಣಿಸಿದರು. ಗುಲಾಮರ ಆಮದನ್ನು 1808ರವರೆಗೆ ನಿಷೇಧಿಸಕೂಡದೆಂದೂ ಬರೆದರು. ಆದರೆ ಆ ರಾಜ್ಯಾಂಗದಲ್ಲಿ ಎಲ್ಲಿ ಹುಡುಕಿದರೂ ಗುಲಾಮನೆಂಬ ಶಬ್ದವಿಲ್ಲ. ‘ಇತರ ವ್ಯಕ್ತಿಗಳು’ ಎಂದಿದೆ. ನಾಚಿಕೆಯಿದ್ದಿತು, ಬಿಡುವ ಮನಸ್ಸಿರಲಿಲ್ಲ. ಈ ರಾಜಿಯಿಲ್ಲದಿದ್ದರೆ ಐಕ್ಯವೇ ಆಗುತ್ತಿರಲಿಲ್ಲವೆಂದು ಸಮರ್ಥಿಸುವವರುಂಟು. ಆ ಐಕ್ಯಕ್ಕೆ ಬೆಲೆಯನ್ನು ತೆತ್ತವರು ಸಭೆಯಲ್ಲಿ ಇರಲಿಲ್ಲ. 1861ರಿಂದ 1865ರವರೆಗೆ ಅಣ್ಣತಮ್ಮಂದಿರು ಕಾದಾಡಿ ಲಕ್ಷಾಂತರ ಮಂದಿ ಮಡಿದ ಮೇಲೆಯೇ ಗುಲಾಮಗಿರಿಯು ಅಳಿದುದು.

ಸೆಪ್ಟೆಂಬರ್ 17ರಂದು 39 ಮಂದಿ ರುಜುಮಾಡಿದರು. ಸಂಸ್ಥಾನಗಳನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ಮ್ಯಾಸಚೂಸೆಟ್ಸಿನಲ್ಲಿ 168ಕ್ಕೆದುರಾಗಿ 187, ವರ್ಜೀನಿಯಾದಲ್ಲಿ 79ಕ್ಕೆದುರಾಗಿ 89, ನ್ಯೂಯಾರ್ಕಿನಲ್ಲಿ 27ಕ್ಕೆದುರಾಗಿ 30. ದೂರದ ಪಾರ್ಲಿಮೆಂಟನ್ನು ಓಡಿಸಿ ದೂರದ ಕಾಂಗ್ರೆಸ್ಸನ್ನು ತಲೆಯ ಮೇಲೆ ಕೂರಿಸಿಕೊಳ್ಳುವುದೇ ಎಂಬ ವಿರೋಧಿಗಳ ಪ್ರಶ್ನೆಯು ಹಗುರವಾದುದಲ್ಲ. ಪ್ರಜೆಯ ಹಕ್ಕುಗಳನ್ನು ಹೇಳುವ ಹತ್ತು ತಿದ್ದುಪಡಿಗಳು 1791ರಲ್ಲಿ ಸೇರಿದುದು ಅವರ ಹಟದಿಂದಲೇ. ಸೋತವರ ಕೈಬರಹವೂ ಆ ಶಾಸನದಲ್ಲಿದೆ. ಹಟಮಾರಿ ರೋಡ್ ಐಲೆಂಡ್ 1790ರ ಮೇ ತಿಂಗಳಲ್ಲಿ, ಎರಡೇ ಓಟುಗಳ ಹೆಚ್ಚಳದಿಂದ, ಕಟ್ಟಕಡೆಯದಾಗಿ ಸೇರಿತು.

1789ರ ಏಪ್ರಿಲ್ 30ರಂದು ವಾಷಿಂಗ್‌ಟನ್ ನ್ಯೂಯಾರ್ಕಿನಲ್ಲಿ ಅಧ್ಯಕ್ಷನಾಗಿ ಪ್ರಮಾಣಮಾಡಿದನು. ಬರಿದಾದ ಬೊಕ್ಕಸವನ್ನು ತುಂಬುವುದು ಹೊಸ ಕಾಂಗ್ರೆಸ್ಸಿನ ಮೊದಲ ಕೆಲಸಗಳಲ್ಲಿ ಒಂದಾಗಿದ್ದಿತು. ಆಮದಿನ ಸುಂಕದ ಕಾಯಿದೆಗೆ ಅಧ್ಯಕ್ಷನ ರುಜು ಬಿದ್ದುದು ಅದೇ ವರ್ಷ ಜುಲೈ 4ರಂದು. ಸುಂಕಕ್ಕೆ ಒಳಪಟ್ಟ ಪದಾರ್ಥಗಳ ಪಟ್ಟಿಯಲ್ಲಿ ಚಹಾವೂ ಇದ್ದಿತು.